ಆ ಗಾಂಧಾರ ತಪ್ಪಿದ್ದಲ್ಲ

ಸಾಗರದಿಂದ ವೀಣೆ ಟೀಚರೊಬ್ಬರು ಬರೆದಿದ್ದಾರೆ: ‘ಮಸ್ಕತ್‌ನಲ್ಲಿರುವ ಮಗ ಮೊಬೈಲಿಗೆ ಈಜಿಪ್ಟಿನ ಉಮ್ ಕುಲ್ಸೂಮ್ ಎಂಬಾಕೆಯ ‘ಗನ್ನೀಲಿ ಶ್ವಯ್ಯ ಶ್ವಯ್ಯ’ ಹಾಡು ಕಳಿಸಿದ. ಕಂಠ ಅದ್ಭುತ. ಆದರೆ ಗಾಂಧಾರ ಬಂದಾಗಲೆಲ್ಲ ಅಪಸ್ವರ ಅನಿಸುತ್ತದೆ. ಅಷ್ಟು ದೊಡ್ಡ ಗಾಯಕಿ ಶ್ರುತಿ ತಪ್ಪುತ್ತಾರೆಯೇ? ಅರಬ್ಬಿ, ಯಹೂದಿ, ಇರಾನಿ ಸಂಗೀತ ಬೇರೆ ಬೇರೆಯೋ, ಒಂದೇ ಮನೆಯದೋ? ಈ ವಯಸ್ಸಿನಲ್ಲಿ ಎಲ್ಲಿಂದ ಕೇಳಲು ಶುರು ಮಾಡಲಿ?’

ಮಾನ್ಯರೇ, ನಮಸ್ಕಾರ.

ನಿಮ್ಮ ಕಿವಿ ಸರಿಯಾಗಿಯೇ ಹಿಡಿದಿದೆ. ಆಕೆ ಹಾಡುತ್ತಿರುವ ಗಾಂಧಾರ, ಸರಿಗಮದ ‘ಗ’, ನಿಮ್ಮ ವೀಣೆಯ ಯಾವ ಮೆಟ್ಟಿಲಿನಲ್ಲೂ ಇಲ್ಲ. ಹಾಗಂತ ಅದು ತಪ್ಪಿದ್ದೂ ಅಲ್ಲ. ಹಾಡು ರಾಸ್ತ್ ಎಂಬ ಮಕಾಮಿನದು. ಮಕಾಮ್ ಎಂದರೆ ಹೆಚ್ಚುಕಡಿಮೆ ನಮ್ಮ ರಾಗ ಎಂದುಕೊಳ್ಳಿ. ವೀಣೆ ಹತ್ತಿರ ಎಳೆದುಕೊಂಡು ಒಂದು ಪ್ರಯೋಗ ಮಾಡಿ. ಕೆಳಗಿನ ‘ಗ’, ಅಂದರೆ ಸಾಧಾರಣ ಗಾಂಧಾರದ ಮೆಟ್ಟಿಲ ಮೇಲೆ ಬೆರಳಿಟ್ಟು ಮೀಟಿ, ತಂತಿಯನ್ನು ಮೆಲ್ಲಗೆ ಪಕ್ಕಕ್ಕೆ ಎಳೆಯಿರಿ. ಮೇಲಿನ ‘ಗ’, ಅಂದರೆ ಅಂತರ ಗಾಂಧಾರ ಮುಟ್ಟಲು ಇನ್ನೂ ಅರ್ಧ ದಾರಿ ಇರುವಾಗಲೇ ನಿಲ್ಲಿಸಿ, ಅಲ್ಲೇ ಹಿಡಿದುಕೊಳ್ಳಿ. ಸ್ವರವನ್ನು ಆಡಿಸಿ ಗಮಕ ಮಾಡುವಾಗ ನಾವು ಆ ಜಾಗವನ್ನು ದಿನಕ್ಕೆ ನೂರು ಸಲ ದಾಟಿ ಹೋಗುತ್ತೇವೆ, ಒಮ್ಮೆಯೂ ಅಲ್ಲಿ ಕೂರುವುದಿಲ್ಲ. ಅವರು ಕೂರುತ್ತಾರೆ. ರಾಸ್ತ್‌ನ ನಿಷಾದವೂ ಹೀಗೆಯೇ, ಕೆಳಗಿನ ‘ನಿ’ ಕೈಶಿಕಿ ಮತ್ತು ಮೇಲಿನ ‘ನಿ’ ಕಾಕಲಿಯ ನಡುವೆ. ಇದನ್ನು ಕಾಲು ಸ್ವರ ಎಂದು ಲೆಕ್ಕ ಹಾಕುವ ವಿದ್ವಾಂಸರಿದ್ದಾರೆ. ಆದರೆ ಈ ಗಾಂಧಾರ ಊರಿಂದೂರಿಗೆ ಕೂದಲೆಳೆಯಷ್ಟು ಮೇಲೆ ಕೆಳಗೆ ಆಗುತ್ತದೆ. 1932ರಲ್ಲಿ ಕೈರೋದಲ್ಲಿ ಅರಬ್ ಸಂಗೀತದ ದೊಡ್ಡ ಸಮ್ಮೇಳನ ನಡೆದಾಗ ಇದರ ಅಳತೆಯ ಬಗ್ಗೆಯೇ ವಾದವೋ ವಾದ. ಹತ್ತು ದಿನ ಬಿಡದೆ ರಾಸ್ತ್ ಕೇಳಿ. ಆಮೇಲೆ ಅಂತರ ಗಾಂಧಾರವೇ ತುಸು ಚುಚ್ಚಿದಂತೆ ಅನಿಸಲು ಶುರುವಾಗುತ್ತದೆ. ನನಗೆ ಹಾಗೇ ಆಯಿತು.

ಆದರೆ ಶುರು ಮಾಡಬೇಕಾದ್ದು ಅಲ್ಲಿಂದಲ್ಲ. ನಿಮಗೆ ಪರಿಚಯದ ಬಾಗಿಲೇ ಇದೆ. ಸರಳೆ ವರಸೆಗೆ ಮಾಯಾಮಾಳವಗೌಳ ರಾಗ ಹೇಳಿಕೊಡುತ್ತೀರಲ್ಲ, ಅದೇ ಏಳು ಸ್ವರಗಳ ಮಕಾಮ್ ಒಂದಿದೆ, ಹಿಜಾಜ್‌ಕಾರ್ ಎಂದು. ಅದರ ಅಣ್ಣ ಹಿಜಾಜ್ ಮೇಲ್ಭಾಗದಲ್ಲಿ ಕೈಶಿಕಿ ನಿಷಾದ ಹಿಡಿದರೆ ನಮ್ಮ ವಕುಳಾಭರಣ ರಾಗದ ಸ್ವರಗಳಾಗುತ್ತವೆ. ಕುರ್ದ್ ಎಂಬುದು ಹನುಮತೋಡಿಯ ಸ್ವರಗಳು, ತೋಡಿಯ ಗಮಕವಿಲ್ಲದೆ. ಹಾಗಾಗಿ ಮೊದಲ ವಾರ ಹಿಜಾಜ್‌ಕಾರ್‌ನ ಒಂದು ತಕ್ಸೀಮ್ ಕೇಳಿ. ಊದ್ ಅಥವಾ ಕಾನೂನ್ ಎಂಬ ತಂತಿವಾದ್ಯದಲ್ಲಿ ತಾಳವಿಲ್ಲದೆ ನುಡಿಸುವ ಆಲಾಪನೆಗೆ ತಕ್ಸೀಮ್ ಎನ್ನುತ್ತಾರೆ. ಸ್ವರ ನಿಮ್ಮದೇ, ನಡಿಗೆ ಅವರದು.

ನಾನು ಈ ಸಂಗೀತದೊಳಗೆ ಹೊಕ್ಕಿದ್ದು ಕ್ಯಾಸೆಟ್ಟಿನ ಕಾಲದಲ್ಲಿ. ಕುವೈತ್‌ನಿಂದ ರಜೆಗೆ ಬಂದ ನಮ್ಮೂರಿನವರೊಬ್ಬರು ಉಮ್ ಕುಲ್ಸೂಮ್‌ರ ‘ಇಂತ ಉಮ್ರಿ’ ಕೊಟ್ಟಿದ್ದರು. 1964ರ ಹಾಡು, ಮೊಹಮ್ಮದ್ ಅಬ್ದುಲ್ ವಹಾಬ್ ಸಂಯೋಜನೆ, ಕುರ್ದ್ ಮಕಾಮ್, ಒಂದು ಗಂಟೆಯ ಆಸುಪಾಸು. ಎ ಸೈಡ್ ಮುಗಿದಾಗ ಹಾಡು ಸಾಲಿನ ನಡುವೆಯೇ ಕತ್ತರಿಸಿ ಹೋಗುತ್ತಿತ್ತು. ಕ್ಯಾಸೆಟ್ ತಿರುವಿ ಹಾಕಿದರೆ ಅದೇ ಸಾಲು ಇನ್ನೂ ನಡೆಯುತ್ತಿರುತ್ತಿತ್ತು! ಭಾಷೆ ಬಾರದ ನನಗೆ ದಾರಿ ತೋರಿಸಿದ್ದು ಸಭಿಕರ ಕೂಗು. ಆಕೆ ಒಂದು ಸಾಲನ್ನು ಐದು, ಆರು, ಏಳು ಬಗೆಯಲ್ಲಿ ಬಿಡಿಸಿ, ಬೇರೆ ಮಕಾಮಿಗೆ ಹೊರಳಿ, ಮತ್ತೆ ಷಡ್ಜಕ್ಕೆ ಇಳಿದ ಕ್ಷಣದಲ್ಲೇ ಸಭೆ ಒಡೆದುಹೋದಂತೆ ಕೂಗುತ್ತದೆ. ಅವರು ಕೂಗುವ ಜಾಗಗಳನ್ನು ಗುರುತಿಸುತ್ತಾ ಹೋದೆ, ಹಾಡಿನ ಕಟ್ಟಡ ತಾನಾಗಿ ತೆರೆದುಕೊಂಡಿತು. ಹೇಳಿದ್ದನ್ನೇ ಹೇಳುತ್ತಾರೆ ಎಂದು ನಿಮಗೂ ಮುಂದೆ ಅನಿಸಿದರೆ ಒಂದೇ ಸಾಲನ್ನು ಬಗೆಬಗೆಯಾಗಿ ಬೆಳೆಸುವ ನಮ್ಮ ನೆರವಲ್ ನೆನಪಿಸಿಕೊಳ್ಳಿ. ಆ ಪರವಶತೆಗೆ ಅವರು ‘ತರಬ್’ ಎನ್ನುತ್ತಾರೆ. ಕೇಳುವವರಿಲ್ಲದೆ ತರಬ್ ಇಲ್ಲ.

ಒಂದೇ ಮನೆಯೋ ಎಂದು ಕೇಳಿದ್ದೀರಿ. ಇಲ್ಲಿ ನಾನು ಸ್ವಲ್ಪ ನಿಧಾನಿಸುತ್ತೇನೆ.

ಅದೇ ಕೈರೋ ಸಮ್ಮೇಳನಕ್ಕೆ ಇರಾಕಿನಿಂದ ಬಂದ ತಂಡದ ಗಾಯಕ ಮೊಹಮ್ಮದ್ ಅಲ್ ಕುಬ್ಬಾಂಜಿ ಮುಸ್ಲಿಮರು, ಜೊತೆಯ ವಾದ್ಯಗಾರರಲ್ಲಿ ಬಹುತೇಕರು ಯಹೂದಿಗಳು. ಬಾಗ್ದಾದಿನ ಮಕಾಮ್ ಸಂಗೀತವನ್ನು ನುಡಿಸಿ ಉಳಿಸಿದವರೇ ಅವರು. ಆ ಮೇಳದ ಒಂದು ವಾದ್ಯದ ಹೆಸರು ಜೋಜಾ, ತೆಂಗಿನ ಚಿಪ್ಪಿಗೆ ಚರ್ಮ ಹೊದಿಸಿ ಕಮಾನಿನಿಂದ ನುಡಿಸುವ ಪಿಟೀಲು. ತೆಂಗಿನಕಾಯಿಗೆ ಅರಬ್ಬಿಯಲ್ಲಿ ‘ಹಿಂದ್‌ನ ಕಾಯಿ’ ಎಂದೇ ಹೆಸರು. (ನಮ್ಮ ದೇವಸ್ಥಾನದ ನಗಾರಿಯ ಹೆಸರು ಅವರ ನಕ್ಕಾರಾದಿಂದ ಬಂದದ್ದು. ಕೊಡುಕೊಳ್ಳುವಿಕೆ ಹಳೆಯದು.)

ಸಾಲಿಹ್ ಮತ್ತು ದಾವೂದ್ ಅಲ್ ಕುವೈತಿ ಎಂಬ ಅಣ್ಣತಮ್ಮಂದಿರ ಕಥೆ ಕೇಳಿ. ಇರಾಕಿ ಯಹೂದಿ ಮನೆತನ, ಹುಟ್ಟಿದ್ದು ಕುವೈತ್‌ನಲ್ಲಿ. ವ್ಯಾಪಾರಕ್ಕೆಂದು ಭಾರತಕ್ಕೆ ಹೋಗಿದ್ದ ಬಂಧುವೊಬ್ಬರು ಹುಡುಗರಿಗೆ ಒಂದು ಪಿಟೀಲು, ಒಂದು ಊದ್ ತಂದುಕೊಟ್ಟರಂತೆ. ಸಾಲಿಹ್ ಪಿಟೀಲು ಹಿಡಿದರು, ದಾವೂದ್ ಊದ್. ಮುಂದೆ ಬಾಗ್ದಾದಿಗೆ ಬಂದು, 1936ರಲ್ಲಿ ರೇಡಿಯೋ ಶುರುವಾದಾಗ ಅದರ ವಾದ್ಯವೃಂದ ಕಟ್ಟಿದರು. ಇರಾಕಿನ ಮನೆಮನೆಯಲ್ಲಿ ಹಾಡುವ ಎಷ್ಟೋ ಹಾಡು ಸಾಲಿಹ್ ಕಟ್ಟಿದ್ದು. 1950–51ರಲ್ಲಿ ಸುಮಾರು 1,20,000 ಯಹೂದಿಗಳು ಇರಾಕ್ ಬಿಟ್ಟು ಇಸ್ರೇಲಿಗೆ ಹೋಗಬೇಕಾಗಿ ಬಂದಾಗ ಇವರೂ ಹೋದರು. ಅಲ್ಲಿ ಅರಬ್ಬಿ ಹಾಡು ಶತ್ರುವಿನ ಹಾಡಾಗಿತ್ತು. ಟೆಲ್ ಅವೀವ್‌ನ ಹಟಿಕ್ವಾ ಬಡಾವಣೆಯಲ್ಲಿ ಪಾತ್ರೆ ಪಗಡಿ ಮಾರುವ ಅಂಗಡಿ ಇಟ್ಟುಕೊಂಡು, ರೇಡಿಯೋದ ಅರಬ್ಬಿ ವಿಭಾಗದಲ್ಲಿ ನುಡಿಸುತ್ತಾ ದಿನ ಕಳೆದರು. ಇತ್ತ ಇರಾಕಿನಲ್ಲಿ ಅವರ ಹಾಡುಗಳು ನಿಲ್ಲಲಿಲ್ಲ, ಹೆಸರು ಮಾತ್ರ ಅಳಿಸಿ ಜಾನಪದ ಎಂದು ಬಿತ್ತರಿಸಿದರು. ಇದನ್ನು ಬರೆಯುವಾಗ ಈಗಲೂ ಸಂಕಟವಾಗುತ್ತದೆ. ದಾವೂದ್ 1976ರಲ್ಲಿ, ಸಾಲಿಹ್ 1986ರಲ್ಲಿ ತೀರಿಕೊಂಡರು. ದಾವೂದ್‌ರ ಮೊಮ್ಮಗ ದುದು ಟಾಸಾ ಇಸ್ರೇಲಿನ ರಾಕ್ ಗಾಯಕ. 2011ರಲ್ಲಿ ಅಜ್ಜನ ಹಾಡುಗಳನ್ನು ಗಿಟಾರ್, ಡ್ರಮ್ಸ್ ಸೇರಿಸಿ ಅರಬ್ಬಿಯಲ್ಲೇ ಹಾಡಿದ ಆಲ್ಬಂ ತಂದರು. ಹೊಸದು ಕೇಳಬೇಕೆಂದರೆ ಮೊದಲು ಅದನ್ನೇ ಕೇಳಿ.

ಸಿರಿಯಾ ಮೂಲದ ಯಹೂದಿಗಳು ಪ್ರತಿ ಶನಿವಾರದ ಪ್ರಾರ್ಥನೆಗೆ ಆ ವಾರದ ಧರ್ಮಗ್ರಂಥದ ಭಾಗಕ್ಕೆ ಹೊಂದುವ ಮಕಾಮ್ ಆರಿಸಿಕೊಳ್ಳುತ್ತಾರೆ. ಉಮ್ ಕುಲ್ಸೂಮ್, ಅಬ್ದುಲ್ ವಹಾಬ್‌ರ ಧಾಟಿಗೇ ಹೀಬ್ರೂ ದೇವರನಾಮ ಕೂರಿಸಿ ಹಾಡುವುದೂ ಉಂಟು, ನಮ್ಮ ಭಜನಾ ಮಂಡಳಿಗಳು ಸಿನಿಮಾ ಧಾಟಿಗೆ ದೇವರನಾಮ ಹಾಡುವ ಹಾಗೆ. ಯೆಮನ್‌ನ ಯಹೂದಿಗಳದು ಇನ್ನೊಂದು ದಾರಿ. ಜೆರುಸಲೇಮಿನ ದೇವಾಲಯ ನಾಶವಾದ ಶೋಕಕ್ಕೆ ವಾದ್ಯ ಬಿಟ್ಟವರು, ತಗಡಿನ ಡಬ್ಬ, ತಾಮ್ರದ ತಟ್ಟೆ ಬಡಿದು ಹಾಡುತ್ತಿದ್ದರು. ಇಸ್ರೇಲಿನ ಗಾಯಕಿ ಓಫ್ರಾ ಹಾಜಾ 1984ರ ಯೆಮನಿ ಹಾಡುಗಳ ಆಲ್ಬಂನಲ್ಲಿ ಆ ತಗಡಿನ ಸದ್ದನ್ನೂ ಇಟ್ಟುಕೊಂಡರು. ಅದರಲ್ಲಿನ ‘ಇಮ್ ನಿನ್ ಆಲು’ 17ನೇ ಶತಮಾನದ ಕವಿ ಶಲೋಮ್ ಶಬಾಜಿಯವರದು. ಕೆಲವೇ ವರ್ಷಗಳಲ್ಲಿ ಅದು ಯುರೋಪಿನ ಡಿಸ್ಕೋಗಳಲ್ಲಿ ಕುಣಿಸಿತು.

ಇರಾನಿನದು ಬೇರೆ ಮನೆ, ನಡುವೆ ಬಾಗಿಲು ಇರುವ ಮನೆ. ಏಳು ದಸ್ತ್‌ಗಾಹ್, ಅಂದರೆ ಅವರ ರಾಗಕುಟುಂಬಗಳು, ಅವುಗಳೊಳಗೆ ನೂರಾರು ಪುಟ್ಟ ಸ್ವರಸಂಚಾರಗಳು, ಗುರುಮುಖದಿಂದ ಬಾಯಿಪಾಠ. ಹಾಫಿಜ್, ಸಾದಿಯರ ಕವಿತೆ ಎದುರಿಗಿದ್ದರೆ ಮಾತ್ರ ಅದು ಪೂರ್ತಿ ದಕ್ಕುತ್ತದೆ. ಅಲ್ಲಿಗೆ ‘ಮೊರ್ಗೆ ಸಹರ್’ ಅಂದರೆ ‘ಮುಂಜಾವಿನ ಹಕ್ಕಿ’ ಮೂಲಕ ಹೋಗಿ. ಪದ್ಯ ಮಲಿಕುಷ್ಶುಅರಾ ಬಹಾರ್ ಅವರದು, ಪಂಜರದ ಹಕ್ಕಿಗೆ ಬಂಧನ ಮುರಿಯೆಂದು ಹೇಳುವ ಹಾಡು. ದಸ್ತ್‌ಗಾಹ್ ಮಾಹೂರ್, ಶಂಕರಾಭರಣಕ್ಕೆ ಹತ್ತಿರ. ಸಂಯೋಜಿಸಿದವರು ಮೊರ್ತೆಜಾ ನೆಯ್‌ದಾವೂದ್, ಯಹೂದಿ, ತಾರ್ ಎಂಬ ತಂತಿವಾದ್ಯದ ವಾದಕ. 1924ರಲ್ಲಿ ಟೆಹ್ರಾನಿನ ಗ್ರ್ಯಾಂಡ್ ಹೋಟೆಲಿನಲ್ಲಿ ತಲೆಯ ಮೇಲೆ ಪರದೆಯಿಲ್ಲದೆ ಹಾಡಿ ಚರಿತ್ರೆಯಾದ ಗಾಯಕಿ ಕಮರ್‌ಗೆ ಗುರು. ಈ ಗುರು 1979ರ ಕ್ರಾಂತಿಯ ನಂತರ ಇರಾನ್ ಬಿಟ್ಟು 1990ರಲ್ಲಿ ಅಮೆರಿಕದಲ್ಲಿ ಕೊನೆಯುಸಿರೆಳೆದರು. ಅದಕ್ಕೂ ಮೊದಲು, 1970ರ ದಶಕದಲ್ಲಿ, ತಮಗೆ ಬಾಯಿಪಾಠವಿದ್ದ ಪರಂಪರೆಯನ್ನೆಲ್ಲ ಟೆಹ್ರಾನ್ ರೇಡಿಯೋಗೆ ನುಡಿಸಿ ಕೊಟ್ಟು ಹೋಗಿದ್ದರು. 2020ರಲ್ಲಿ ತೀರಿಕೊಂಡ ಇರಾನಿನ ಗಾಯಕ ಮೊಹಮ್ಮದ್ ರೆಜಾ ಶಜರಿಯಾನ್ ಕಛೇರಿಯ ಕೊನೆಗೆ ಈ ಹಾಡು ಎತ್ತಿಕೊಂಡರೆ ಸಭೆಯಿಡೀ ಜೊತೆಗೆ ಹಾಡುತ್ತಿತ್ತು.

ಮಗನಿಗೆ ಹೇಳಿ, ಮೂರು ಧ್ವನಿಮುದ್ರಣ ಕಳಿಸಲಿ: ‘ಇಂತ ಉಮ್ರಿ’ ಕಛೇರಿಯಲ್ಲಿ ಹಾಡಿದ್ದು, ಸ್ಟುಡಿಯೋದ್ದು ಬೇಡ, ಶಜರಿಯಾನರ ‘ಮೊರ್ಗೆ ಸಹರ್’, ಅದೂ ಸಭೆಯ ದನಿ ಕೇಳುವಂಥದ್ದು, ಆಮೇಲೆ ಕುವೈತಿ ಸಹೋದರರ ಒಂದು ಹಳೆಯ ಗ್ರಾಮಫೋನ್ ತಟ್ಟೆ, ಕರಕರ ಸದ್ದಿದ್ದರೂ ಪರವಾಗಿಲ್ಲ. ರಾಸ್ತ್‌ನ ಆ ಗಾಂಧಾರ ವೀಣೆಯಲ್ಲಿ ಸಿಕ್ಕಿತೋ ಇಲ್ಲವೋ, ತಂತಿ ಎಷ್ಟು ಎಳೆಯಬೇಕಾಯಿತು, ಒಂದು ಕಾರ್ಡು ಬರೆಯಿರಿ.