ಹಾಸನದಲ್ಲಿ ಕೂತು ಜನಾಂಗ, ನ್ಯಾಯ ಅಂತ ಓದಿ ಏನು ಪ್ರಯೋಜನ?

ನೀವು ಕೇಳಿದ್ದು ಇಷ್ಟು. ಹಾಸನದಲ್ಲಿ ಬಿ.ಎ. ಕೊನೆ ವರ್ಷ. ಎಂ.ಎ.ಗೆ ಸೇರಿ ಜನಾಂಗ, ಗುರುತು, ನ್ಯಾಯ, ಸರ್ಕಾರಿ ಸೇವೆಯ ನೀತಿ (ಎಥಿಕ್ಸ್) ಇವೆಲ್ಲ ಸೇರಿದ ವಿಷಯ ಓದುವ ಆಸೆ. ಮನೆಯಲ್ಲಿ ಅಪ್ಪ 'ಕರಿಯರು ಬಿಳಿಯರ ಜಗಳ ಅಮೆರಿಕದ್ದು, ನಿನಗ್ಯಾಕೆ ಅದು?' ಅಂತಾರೆ. ತಗೊಳ್ಳಲಾ, ಬೇಡವಾ?

ತಗೊಳ್ಳಿ. ನಾನು ಹೇಮಗಂಗೋತ್ರಿಯಲ್ಲಿ ಓದಿದವನು. ಆಗ ಅದು ಮೈಸೂರು ವಿಶ್ವವಿದ್ಯಾನಿಲಯದ ಕೇಂದ್ರ, ಹಾಸನ ವಿಶ್ವವಿದ್ಯಾಲಯ ಆಗಿದ್ದು ಆಮೇಲೆ. ಈಗ ಚಿಕ್ಕಮಗಳೂರು ಜಿಲ್ಲೆಯ ಮಲೆನಾಡಿನ ಒಂದು ತಾಲ್ಲೂಕಿನಲ್ಲಿ ಕಂದಾಯ ಇಲಾಖೆ ನೌಕರಿ. ಹಾಗಾಗಿ ಪುಸ್ತಕ, ಕೌಂಟರ್ ಎರಡನ್ನೂ ಸ್ವಲ್ಪ ಬಲ್ಲೆ.

ಮೊದಲು ಪದದಿಂದಲೇ ಶುರು ಮಾಡೋಣ. ನಮ್ಮ ಕಡೆ ಮದುವೆ ಊಟದಲ್ಲಿ ಪಕ್ಕ ಕೂತವರು ಊರು ಕೇಳುತ್ತಾರೆ, ಆಮೇಲೆ ಮೆಲ್ಲಗೆ 'ಯಾವ ಜನ ನೀವು?' ಅಂತಾರೆ. ಜಾತಿ ಕೇಳುವ ಮರ್ಯಾದೆಯ ದಾರಿ ಅದು. 'ನಮ್ಮ ಜನಾಂಗಕ್ಕೆ ಮಂತ್ರಿ ಸ್ಥಾನ ಕೊಡಿ' ಅಂದರೂ ಜಾತಿಯೇ. ಪಠ್ಯದಲ್ಲಿ ಮಾತ್ರ ಜನಾಂಗ ಅಂದರೆ ರೇಸ್. ಸಂವಿಧಾನದ ಕನ್ನಡದಲ್ಲಿ ರೇಸ್‌ಗೆ 'ಮೂಲವಂಶ' ಅಂತಿದೆ. 15ನೇ ವಿಧಿ ಧರ್ಮ, ಮೂಲವಂಶ, ಜಾತಿ, ಲಿಂಗ, ಹುಟ್ಟಿದ ಜಾಗ ಅಂತ ಐದನ್ನೂ ಬೇರೆ ಬೇರೆಯಾಗಿ ಹೇಳುತ್ತದೆ. ಮೂಲವಂಶ, ಜಾತಿ ಎರಡೂ ಒಂದೇ ಆಗಿದ್ದರೆ ಎರಡು ಪದ ಯಾಕೆ ಹಾಕುತ್ತಿದ್ದರು?

ಎರಡೂ ಒಂದೇನಾ ಅನ್ನುವ ಈ ಜಗಳ ಹಳೆಯದು. 1901ರ ಜನಗಣತಿಯ ಮುಖ್ಯಸ್ಥ ರಿಸ್ಲೆ ಅನ್ನುವ ಬ್ರಿಟಿಷ್ ಅಧಿಕಾರಿಗೆ ಮೂಗಿನ ಅಳತೆಗೂ ಜಾತಿಯ ಮೇಲು ಕೀಳಿಗೂ ನಂಟಿದೆ ಅನ್ನುವ ನಂಬಿಕೆ. ಅಂಬೇಡ್ಕರ್ ಅದನ್ನು ಒಪ್ಪಲಿಲ್ಲ. ಪಂಜಾಬಿನ ಬ್ರಾಹ್ಮಣನೂ ಅಲ್ಲಿನ ಅಸ್ಪೃಶ್ಯನೂ ಒಂದೇ ಮೂಲದವರು, ಮದ್ರಾಸಿನಲ್ಲೂ ಅಷ್ಟೇ, ಜಾತಿ ರಕ್ತದ ವಿಷಯ ಅಲ್ಲ ಅಂತ 1936ರಲ್ಲಿ ವಾದಿಸಿದರು. ಹಾಗಂತ ಆ ಕಡೆ ಬಾಗಿಲು ಮುಚ್ಚಲಿಲ್ಲ. 1946ರಲ್ಲಿ ಅಮೆರಿಕದ ಕಪ್ಪು ಚಿಂತಕ ಡುಬಾಯ್ಸ್‌ಗೆ ಕಾಗದ ಬರೆದು, ಕಪ್ಪು ಜನರ ಪರವಾಗಿ ವಿಶ್ವಸಂಸ್ಥೆಗೆ ಕೊಟ್ಟ ಅರ್ಜಿಯ ಪ್ರತಿ ಕೇಳಿದರು. ಜನಾಂಗ ಭೇದದ ವಿರುದ್ಧ ವಿಶ್ವಸಂಸ್ಥೆ ನಡೆಸಿದ 2001ರ ಡರ್ಬನ್ ಸಮ್ಮೇಳನದಲ್ಲಿ ಜಾತಿ ವಿಷಯ ಎತ್ತಬೇಕು ಅಂತ ದಲಿತ ಸಂಘಟನೆಗಳು, ಬೇಡ ಅಂತ ಭಾರತ ಸರ್ಕಾರ. ನನ್ನ ಅಭಿಪ್ರಾಯ ಕೇಳಿದರೆ, ಎರಡೂ ಒಂದೇ ಅಲ್ಲ. ಆದರೆ ಒಂದನ್ನು ಓದಿದವರಿಗೆ ಇನ್ನೊಂದು ಬೇಗ ಕಣ್ಣಿಗೆ ಬೀಳುತ್ತದೆ.

ನಿಮ್ಮ ಅಪ್ಪನ ಮಾತಿಗೆ ಬರೋಣ. ಹಾಸನ, ಕಡೂರು (ಈಗಿನ ಚಿಕ್ಕಮಗಳೂರು) ಎರಡೂ ಮೈಸೂರು ಸಂಸ್ಥಾನದ ಜಿಲ್ಲೆಗಳಾಗಿದ್ದ ಕಾಲ. ಸರ್ಕಾರಿ ಕುರ್ಚಿಯಲ್ಲಿ ಯಾರು ಕೂತಿದ್ದಾರೆ, ಯಾರು ಕೂತಿಲ್ಲ ಅಂತ ನೋಡಲು ನಾಲ್ವಡಿಯವರು 1918ರಲ್ಲೇ ಮಿಲ್ಲರ್ ಸಮಿತಿ ಮಾಡಿದರು. ಏಳು ವರ್ಷದೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧ, ಕೆಳಗಿನವುಗಳಲ್ಲಿ ಮೂರರಲ್ಲಿ ಎರಡು ಪಾಲು ಬ್ರಾಹ್ಮಣೇತರರಿಗೆ ಸಿಗಬೇಕು ಅಂತ ಸಮಿತಿ ಹೇಳಿತು. ದಿವಾನರಾಗಿದ್ದ ವಿಶ್ವೇಶ್ವರಯ್ಯನವರಿಗೆ ಈ ದಾರಿ ಒಪ್ಪಿಗೆಯಾಗಲಿಲ್ಲ, ವರದಿ ಬರುವ ಮೊದಲೇ ಹುದ್ದೆ ಬಿಟ್ಟರು. ಪ್ರತಿಭೆಯ ಮಾತು ಆಗಲೂ ಬಂದಿತ್ತು. ಇವತ್ತು ಕಾಲೇಜು ಕ್ಯಾಂಟೀನಿನಲ್ಲಿ ಕೇಳುವ ಅದೇ ಮಾತು. ದೇವರಾಜ ಅರಸರ ಕಾಲದ, ಹಿಂದುಳಿದ ವರ್ಗಗಳ ಹಾವನೂರು ಆಯೋಗ ಬಂದಿದ್ದು ಇದಾಗಿ ಐವತ್ತಕ್ಕೂ ಜಾಸ್ತಿ ವರ್ಷದ ಮೇಲೆ. ಅಮೆರಿಕದ ಕತೆ ಅಂತೆ!

ಇನ್ನು ಗುರುತಿನ ವಿಷಯ. ಬೇಲೂರು ತಾಲ್ಲೂಕಿನ ಅಂಗಡಿಹಳ್ಳಿ ಗೊತ್ತಲ್ವಾ? ಅಲ್ಲಿನ ಹಕ್ಕಿಪಿಕ್ಕಿ ಜನ ಮನೆಯಲ್ಲಿ ಗುಜರಾತಿಗೆ ಹತ್ತಿರದ ವಾಗ್ರಿ ಮಾತಾಡುತ್ತಾರೆ, ಕೂದಲೆಣ್ಣೆ ಹಿಡಿದು ಆಫ್ರಿಕಾದವರೆಗೂ ವ್ಯಾಪಾರಕ್ಕೆ ಹೋಗುತ್ತಾರೆ. ಅಲ್ಲಿ ಅವರು ಬರೀ 'ಇಂಡಿಯನ್'. ಇಲ್ಲಿ ಕಚೇರಿಗೆ ಬಂದರೆ ಪಟ್ಟಿಯ ಒಂದು ಸಾಲು.

ಆ ಪಟ್ಟಿಯನ್ನು ಒಮ್ಮೆ ನಿಧಾನವಾಗಿ ಓದಿ. ಕರ್ನಾಟಕದ ಪರಿಶಿಷ್ಟ ಪಂಗಡಗಳ ಪಟ್ಟಿಯಲ್ಲಿ 'ಕುರುಬ' ಅಂತಿದೆ, ಪಕ್ಕದಲ್ಲೇ 'ಕೊಡಗು ಜಿಲ್ಲೆಯಲ್ಲಿ' ಅಂತ ಕಂಸ. ಕೊಡಗಿನ ಗಡಿಯ ಕೊಡ್ಲಿಪೇಟೆ ದಾಟಿ ಹಾಸನ ಜಿಲ್ಲೆಗೆ ಬಂದರೆ ಅದೇ ಹೆಸರು ಹಿಂದುಳಿದ ವರ್ಗಕ್ಕೆ ಸೇರುತ್ತದೆ. ಹೀಗೆ ಗಡಿ ಹಾಕಿದ್ದು ಸರಿಯೋ ತಪ್ಪೋ ಅನ್ನುವುದಕ್ಕೆ ಇಲ್ಲಿ ಜಾಗ ಸಾಲದು. 342ನೇ ವಿಧಿಯ ಪ್ರಕಾರ ಪಟ್ಟಿಗೆ ಒಂದು ಹೆಸರು ಸೇರಿಸಲು, ತೆಗೆಯಲು ಸಂಸತ್ತೇ ಬೇಕು. ನನ್ನಂಥ ನೌಕರ ಒಂದಕ್ಷರ ಆಚೀಚೆ ಮಾಡುವಂತಿಲ್ಲ.

ಇಲ್ಲೇ ನಾನು ಎಡವಿದ್ದು. ಕೆಲಸಕ್ಕೆ ಸೇರಿದ ಹೊಸತು. ಗೌಡಲು ಸಮುದಾಯದ ಹುಡುಗನೊಬ್ಬ ಜಾತಿ ಪ್ರಮಾಣಪತ್ರಕ್ಕೆ ಬಂದ. ಗೌಡಲು ಪರಿಶಿಷ್ಟ ಪಂಗಡ. ಶಾಲೆ ದಾಖಲೆಯಲ್ಲಿ ಯಾರೋ ಮೇಷ್ಟ್ರು 'ಗೌಡ' ಅಂತ ಬರೆದುಬಿಟ್ಟಿದ್ದರು. ಒಂದು 'ಲು' ಬಿಟ್ಟುಹೋಗಿ ಹುಡುಗ ಬೇರೆ ಜಾತಿಯೇ ಆಗಿದ್ದ. 'ದಾಖಲೆ ತಿದ್ದಿಸಿಕೊಂಡು ಬಾ' ಅಂದೆ. ಮೂರು ಸಲ ಅದನ್ನೇ ಅಂದೆ. ಪ್ರತಿ ಸಲವೂ ಅವನಿಗೆ ಒಂದು ದಿನದ ಕೂಲಿ, ಬಸ್ ಚಾರ್ಜು ಹೋಯಿತು. ನಾಲ್ಕನೇ ಸಲ ಅವನು ಬರಲಿಲ್ಲ. ಕಾಲೇಜಿನ ಕೊನೇ ದಿನಾಂಕ ಮುಗಿದಿತ್ತು.

ನಾನು ಲಂಚ ಕೇಳಿರಲಿಲ್ಲ, ಬೈದಿರಲಿಲ್ಲ. ಫೈಲು ನೋಡಿದರೆ ನನ್ನದು ಏನೂ ತಪ್ಪಿಲ್ಲ. ಆದರೆ ಸ್ಥಳ ತನಿಖೆ ಮಾಡಿ, ಅಕ್ಕಪಕ್ಕದವರ ಮುಂದೆ ಮಹಜರು ಬರೆದು, ಅವನ ಚಿಕ್ಕಪ್ಪನ ಪ್ರಮಾಣಪತ್ರ ನೋಡಿ ತಹಶೀಲ್ದಾರರಿಗೆ ವರದಿ ಕೊಡಬಹುದಿತ್ತು. ಆ ಊರಿಗೆ ಹೋಗೋದು ಬೇಜಾರು, ದಾರಿ ಕೆಸರು. ಅಷ್ಟೇ ಕಾರಣ. ಹಾಗಂತ ಕಣ್ಣು ಮುಚ್ಚಿ ಎಲ್ಲರಿಗೂ ಬರೆದುಕೊಡಲೂ ಆಗುವುದಿಲ್ಲ. ಹೆಸರಿನ ಹೋಲಿಕೆ ಹಿಡಿದು ಸುಳ್ಳು ಪ್ರಮಾಣಪತ್ರ ಮಾಡಿಸಲು ಬರುವವರೂ ಇದ್ದಾರೆ. ಅವರಿಗೆ ಕೊಟ್ಟರೆ ಇನ್ನೊಬ್ಬ ಗೌಡಲು ಹುಡುಗನ ಸೀಟು ಹೋಯಿತು ಅಂತಲೇ ಲೆಕ್ಕ. ಇವನು ಯಾರು, ಅವನು ಯಾರು ಅಂತ ತಿಳಿಯಲು ಕುರ್ಚಿಯಿಂದ ಎದ್ದು ಹೋಗಲೇಬೇಕು. ನೀತಿಯ ಕ್ಲಾಸಿನಲ್ಲಿ 'ವಿವೇಚನಾಧಿಕಾರ' ಅಂತ ಒಂದು ಪಾಠ ಇತ್ತು. ಪರೀಕ್ಷೆಗೆ ಉರು ಹೊಡೆದಿದ್ದೆ. ಅರ್ಥ ಆಗಿದ್ದು ಆ ಹುಡುಗ ಬರದೇ ಇದ್ದ ದಿನ.

ಪರೀಕ್ಷೆಗೆ ಉಪಯೋಗ ಇದೆಯಾ ಅಂತಲೂ ಕೇಳಿದ್ದೀರಿ. ಇದೆ. ಯುಪಿಎಸ್‌ಸಿ ಮುಖ್ಯ ಪರೀಕ್ಷೆಯಲ್ಲಿ 2013ರಿಂದ ನೀತಿಗೇ 250 ಅಂಕದ ಒಂದು ಪತ್ರಿಕೆ ಇದೆ, ಅದರಲ್ಲಿ ಕೇಸ್ ಸ್ಟಡಿಗಳೂ ಬರುತ್ತವೆ. ಆದರೆ ಬರೀ ಈ ಎಂ.ಎ. ನಂಬಿಕೊಂಡರೆ ಕೆಲಸ ಸಿಗುವುದಿಲ್ಲ, ಸುಮ್ನೆ ಆಸೆ ಹುಟ್ಟಿಸಲಾರೆ. ಬಿ.ಇಡಿ.ಯೋ ಕಂಪ್ಯೂಟರೋ ಜೊತೆಗಿರಲಿ.

ಇನ್ನೊಂದು ಮಾತು. ಪ್ರಬಂಧಕ್ಕೆ ವಿಷಯ ಹುಡುಕುವಾಗ ದೂರ ಹೋಗಬೇಡಿ. ಸಕಲೇಶಪುರ, ಮೂಡಿಗೆರೆ ಕಡೆ ಕಾಫಿ ಕುಯ್ಲಿಗೆ ಈಗ ಅಸ್ಸಾಮಿನವರು ಬರುತ್ತಾರೆ. ಮುಖ ನೋಡಿ, ಭಾಷೆ ಕೇಳಿ ನಮ್ಮವರು 'ಬಾಂಗ್ಲಾದವರು' ಅಂದುಬಿಡುತ್ತಾರೆ. 2014ರಲ್ಲಿ ದೆಹಲಿಯಲ್ಲಿ ಅರುಣಾಚಲದ ವಿದ್ಯಾರ್ಥಿಯೊಬ್ಬ ಇಂಥದೇ ಗೇಲಿಯಿಂದ ಶುರುವಾದ ಜಗಳದಲ್ಲಿ ಹೊಡೆತ ತಿಂದು ಸತ್ತ, ಈಶಾನ್ಯದವರ ಕಷ್ಟ ನೋಡಲು ಬೆಜ್‌ಬರುವಾ ಸಮಿತಿ ಬಂತು. ನಮ್ಮ ತೋಟಗಳ ಬಗ್ಗೆ ಯಾವ ಸಮಿತಿಯೂ ಬಂದಿದ್ದನ್ನು ನಾನು ನೋಡಿಲ್ಲ. ಡಿಸೆಂಬರಿನಲ್ಲಿ ಒಂದು ವಾರ ಬಿಡುವು ಮಾಡಿಕೊಳ್ಳಿ. ಪರಿಚಯದ ತೋಟದಲ್ಲಿ ಕೂಲಿಯವರು ಇರುವ ಲೈನ್ ಮನೆಗೆ ಹೋಗಿ, ಮಕ್ಕಳು ಯಾವ ಶಾಲೆಗೆ ಹೋಗುತ್ತಾರೆ, ರೇಷನ್ ಎಲ್ಲಿ ತರುತ್ತಾರೆ, ಆಧಾರ್ ತೋರಿಸಿದಾಗ ಯಾರು ಏನಂದರು ಅಂತ ಕೇಳಿ ಬರೆದುಕೊಳ್ಳಿ. ಉಂಬಳ (ಜಿಗಣೆ) ಜಾಸ್ತಿ ಇರುವುದು ಮಳೆಗಾಲದಲ್ಲಿ, ಡಿಸೆಂಬರಿನಲ್ಲಿ ಹೆದರಬೇಕಿಲ್ಲ.