ಬಂಡೂರು ಕುರಿಯ ‘ಕೊಬ್ಬಿನ ಜೀನ್’ ಸಿಕ್ಕಿತು ಅಂತ ಯಾವಾಗ ಹೇಳಬಹುದು?

ಬಂಡೂರು ಕುರಿಯ ಮಾಂಸದ ಕೊಬ್ಬಿಗೆ ಕಾರಣ ಹುಡುಕುತ್ತಾ, ಮೈಸೂರಿನ ಲ್ಯಾಬಿನಲ್ಲಿ 3ಟಿ3-ಎಲ್1 ಸೆಲ್‌ಗಳಲ್ಲಿ (ಕೊಬ್ಬಿನ ಸೆಲ್ ಆಗಬಲ್ಲ, ಲ್ಯಾಬಿನಲ್ಲಿ ಬೆಳೆಸುವ ಸೆಲ್‌ಗಳು) ಒಂದು ಜೀನಿನ ಕೆಲಸ ತಗ್ಗಿಸಿದ್ದೀರಿ ಅಂದುಕೊಳ್ಳಿ. ಕೊಬ್ಬನ್ನು ಕೆಂಪಾಗಿ ತೋರಿಸುವ ಆಯಿಲ್ ರೆಡ್ ಓ ಬಣ್ಣ ಇಳಿದಿದೆ. ಇಂಥ ಪ್ಲೇಟುಗಳ ಮುಂದೆ ನಾನೂ ಕೂತವಳು, ನೇರವಾಗಿ ಹೇಳ್ತೀನಿ: ಇನ್ನೂ ಏನೂ ಸಿಕ್ಕಿಲ್ಲ.

ಮೊದಲು ಫ್ಲಾಸ್ಕ್ ನೋಡಿ. ಈ ಸೆಲ್‌ಗಳು ಅದರ ತಳ 60–70% ತುಂಬುವಷ್ಟರಲ್ಲಿ ಪ್ಯಾಸೇಜ್ ಆಗಬೇಕು, ಅಂದರೆ ಬಿಡಿಸಿ ಹೊಸ ಫ್ಲಾಸ್ಕಿಗೆ ಹಂಚಬೇಕು. ಭಾನುವಾರ ಬಿಟ್ಟು ಸೋಮವಾರ ಬಂದರೆ ಒತ್ತೊತ್ತಾಗಿ ಬೆಳೆದಿರುತ್ತವೆ, ನೋಡಲು ಚೆನ್ನಾಗಿಯೇ ಕಾಣುತ್ತವೆ. ಆದರೆ ಒತ್ತಾದಾಗ ಕೊಬ್ಬು ಕಟ್ಟಬಲ್ಲ ಸೆಲ್‌ಗಳು ಬೆಳವಣಿಗೆ ನಿಲ್ಲಿಸುತ್ತವೆ. ನಿಲ್ಲಿಸದವು, ಅಂದರೆ ಕೊಬ್ಬು ಕಟ್ಟಲಾರದವು, ವಿಭಜಿಸುತ್ತಲೇ ಹೋಗುತ್ತವೆ. ಹೀಗೆ ಕೆಲವು ಪ್ಯಾಸೇಜ್ ಕಳೆದರೆ ಫ್ಲಾಸ್ಕ್ ತುಂಬಾ ಅವೇ. ಆಮೇಲೆ ಯಾವ ಜೀನ್ ಮುಟ್ಟದಿದ್ದರೂ ಬಣ್ಣ ಬರಲ್ಲ. ಆ ಬ್ಯಾಚ್ ಉಳಿಸಲು ಒದ್ದಾಡಬೇಡಿ, ಫ್ರೀಜ್ ಮಾಡಿಟ್ಟ ಕಡಿಮೆ ಪ್ಯಾಸೇಜಿನ ವಯಲ್ ತೆಗೆಯಿರಿ.

ಕೊಬ್ಬು ಕಟ್ಟಿಸುವಾಗ ಮಾತ್ರ ಪೂರ್ತಿ ತುಂಬಲಿ. ತುಂಬಿದ ಮೇಲೆ ಎರಡು ದಿನ ಕಾದು, ಕೊಬ್ಬಿನ ಸೆಲ್ ಆಗುವಂತೆ ತಳ್ಳುವ ಮಿಶ್ರಣ (ಇದೇ ಇಂಡಕ್ಷನ್), ಅಂದರೆ ಐಬಿಎಂಎಕ್ಸ್ 0.5 ಮಿಲಿಮೋಲಾರ್, ಡೆಕ್ಸಾಮೆಥಸೋನ್ 1 ಮೈಕ್ರೋಮೋಲಾರ್, ಇನ್ಸುಲಿನ್ ಒಂದು ಮಿಲೀಗೆ 10 ಮೈಕ್ರೋಗ್ರಾಂ ಕೊಡಿ. 48 ಗಂಟೆ ಆದ ಮೇಲೆ ಬರೀ ಇನ್ಸುಲಿನ್ ಎರಡು ದಿನ, ಆಮೇಲೆ ಸೀರಮ್ ಇರುವ ಸಾದಾ ಮೀಡಿಯಾ (ಸೆಲ್ ಬೆಳೆಸುವ ದ್ರವ). ಎಂಟನೇ ದಿನದ ಹೊತ್ತಿಗೆ ಜೀನ್ ಮುಟ್ಟದ ಕಂಟ್ರೋಲೇ ಕೆಂಪಾಗದಿದ್ದರೆ ಆ ಪ್ಲೇಟಿನಿಂದ ಯಾವ ತೀರ್ಮಾನವೂ ಬೇಡ. ಕೊಬ್ಬು ತುಂಬಿದ ಸೆಲ್ ಸುಲಭವಾಗಿ ಕಿತ್ತುಬರುತ್ತದೆ. ಪಿಪೆಟ್ ಗೋಡೆಗೆ ಹಿಡಿದು ತೊಳೆಯಿರಿ. ಬಣ್ಣದ ಅಳತೆಯನ್ನು ಡಿಎನ್‌ಎ ಪ್ರಮಾಣದಿಂದ ಭಾಗಿಸಿ, ಇಲ್ಲವಾದರೆ ಕಿತ್ತುಹೋದದ್ದೇ ‘ಜೀನಿನ ಪರಿಣಾಮ’ ಅನಿಸಿಬಿಡುತ್ತದೆ.

ಇನ್ನು ಜೀನಿನ ವಿಚಾರ. ಇಂಡಕ್ಷನ್‌ಗೆ ಮೊದಲೇ ತಗ್ಗಿಸಿದ್ದರೆ ಕೊಬ್ಬಿನ ಸೆಲ್ ಆಗಿದೆ ಅಂತ ತೋರಿಸುವ ಪಿಪಿಎಆರ್-ಗ್ಯಾಮಾ ಮತ್ತು ಎಫ್‌ಎಬಿಪಿ4 ಜೀನ್‌ಗಳನ್ನು ನೋಡಿ. ಎರಡೂ ಬಿದ್ದಿದ್ದರೆ ಸೆಲ್ ಕೊಬ್ಬಿನ ಸೆಲ್ ಆಗಲೇ ಇಲ್ಲ ಅಂತ ಅರ್ಥ. ಶೇಖರಣೆಯ ಮಾತು ಆಮೇಲೆ. ಅವು ಸರಿಯಿದ್ದೂ ಬಣ್ಣ ಇಳಿದಿದ್ದರೆ ಎರಡು ದಾರಿ ಉಳಿಯುತ್ತವೆ: ಒಳಗೆ ಕೊಬ್ಬು ಕಟ್ಟುವ ಎಂಜೈಮ್‌ಗಳಾದ ಡಿಜಿಎಟಿ1, ಡಿಜಿಎಟಿ2 ಕಡೆ ಕಮ್ಮಿಯಾಗಿದೆಯೋ, ಎಟಿಜಿಎಲ್ ಎಂಬ ಎಂಜೈಮ್ ಅದನ್ನು ಕರಗಿಸುವುದು ಹೆಚ್ಚಾಗಿದೆಯೋ. ಕೊಬ್ಬು ಒಡೆದಾಗ ಮೀಡಿಯಾಗೆ ಹೊರಬಿದ್ದ ಗ್ಲಿಸರಾಲ್ ಅಳೆದರೆ ಕರಗುವ ದಾರಿ ಗೊತ್ತಾಗುತ್ತದೆ. ಹಸುಗಳಲ್ಲಿ ಡಿಜಿಎಟಿ1ರ 232ನೇ ಸ್ಥಾನದಲ್ಲಿ ಲೈಸಿನ್ ಎಂಬ ಅಮೈನೋ ಆಮ್ಲ ಇದ್ದರೆ ಹಾಲಿನ ಕೊಬ್ಬು ಹೆಚ್ಚು. ಆದರೆ ಅಲ್ಲೂ ಆ ಒಂದೇ ಜೀನ್ ಎಲ್ಲವನ್ನೂ ನಡೆಸುವುದಿಲ್ಲ. ‘ಕೊಬ್ಬಿನ ಜೀನ್’ ಅಂತ ಒಂದನ್ನೇ ಹುಡುಕುವುದು ಬಿಡಿ.

ಮತ್ತೆ, 3ಟಿ3-ಎಲ್1 ಇಲಿಯದ್ದು, ಕುರಿಯದ್ದಲ್ಲ. ಮಳವಳ್ಳಿ ಕಡೆ ಕುರಿ ಕೊಯ್ಯುವ ದಿನ ಚರ್ಮದಡಿಯ ಕೊಬ್ಬನ್ನು ಐಸಿನಲ್ಲಿ ತಂದು, ಸೆಲ್‌ಗಳನ್ನು ಬಿಡಿಸುವ ಕೊಲ್ಲಾಜಿನೇಸ್ ಎಂಜೈಮ್‌ನಲ್ಲಿ 37 ಡಿಗ್ರಿಗೆ ಇಟ್ಟು, ಕೆಳಗೆ ಕೂತ ಸೆಲ್‌ಗಳನ್ನು ಬೆಳೆಸಿ. ಅವಕ್ಕೆ ಮೇಲಿನ ಮಿಶ್ರಣ ಸಾಲದಿರಬಹುದು, ಪಿಪಿಎಆರ್-ಗ್ಯಾಮಾವನ್ನು ಚುರುಕುಗೊಳಿಸುವ ರೋಸಿಗ್ಲಿಟಜೋನ್ ಸೇರಿಸಿ ನೋಡಿ.