ಮೂರು ಆಂಟೆನಾಗೆ ಒಂದೇ ಕೇಬಲ್, ಕೆಳಗಿಂದಲೇ ಬದಲಾಯಿಸೋದು ಹೇಗೆ?

ಪ್ರಶ್ನೆ: ನಾನು ಹ್ಯಾಮ್ (ಹವ್ಯಾಸಿ) ರೇಡಿಯೋ ಲೈಸೆನ್ಸ್ ತಗೊಂಡು ಎರಡು ವರ್ಷ ಆಯ್ತು ಸಾರ್, ತಾರಸಿ ಮೇಲೆ 40 ಮೀಟರ್ ಡೈಪೋಲ್, 20 ಮೀಟರ್ ವರ್ಟಿಕಲ್, 2 ಮೀಟರಿಗೆ ಒಂದು ಆಂಟೆನಾ ಇದೆ. ಬ್ಯಾಂಡ್ ಬದಲಾಯಿಸಿದಾಗೆಲ್ಲ ಕನೆಕ್ಟರ್ ಬಿಚ್ಚಿ ಹಾಕಿ ಸಾಕಾಗಿದೆ. ಮೇಲೊಂದು ಬಾಕ್ಸ್ ಇಟ್ಟು ಒಂದೇ ಕೋಆಕ್ಸ್ ಕೇಬಲ್ ಇಳಿಸಿ ಮೊಬೈಲಿಂದ ವೈಫೈನಲ್ಲಿ ಬದಲಾಯಿಸೋಕಾಗುತ್ತಾ? ರೇಡಿಯೋ 100 ವಾಟ್. ಡಿಟಿಎಚ್ ಡಿಶ್‌ಗೆ ಹಾಕೋ ಸ್ವಿಚ್ ನಡೆಯುತ್ತಾ? (ಸಾಗರದ ಓದುಗರು)

ಉತ್ತರ: ಡಿಟಿಎಚ್ ಸ್ವಿಚ್ ಬೇಡವೇ ಬೇಡ. ಅದು 75 ಓಮ್‌ನದ್ದು, ಬರೀ ರಿಸೀವ್ ಮಾಡೋಕೆ ಮಾಡಿದ್ದು. ನಿಮ್ಮ 100 ವಾಟ್ ಅಂದ್ರೆ 50 ಓಮ್‌ನಲ್ಲಿ 70 ವೋಲ್ಟ್, 1.4 ಆಂಪಿಯರ್, ಪಿಟಿಟಿ (ಮಾತಾಡೋಕೆ ಒತ್ತೋ ಬಟನ್) ಒತ್ತಿದ ತಕ್ಷಣ ಅದು ಸುಟ್ಟುಹೋಗುತ್ತೆ.

ಬೇಕಾಗೋದು ಸಾದಾ ಶುಗರ್ ಕ್ಯೂಬ್ ಥರದ 12 ವೋಲ್ಟ್ ರಿಲೇ (ಕಾಯಿಲ್‌ಗೆ ಕರೆಂಟ್ ಕೊಟ್ರೆ ಬದಲಾಗೋ ಸ್ವಿಚ್), ಕಾಂಟ್ಯಾಕ್ಟ್ 10 ಆಂಪಿಯರ್‌ದು, ಬೆಂಗಳೂರಿನ ಎಸ್‌ಪಿ ರೋಡಲ್ಲಿ ಯಾವ ಅಂಗಡಿಗೆ ಹೋದ್ರೂ ಸಿಗುತ್ತೆ. ಒಂದೊಂದು ಆಂಟೆನಾಗೆ ಒಂದೊಂದು. ತುಂಬಾ ಜನ ತಪ್ಪೋದು ವೈರಿಂಗಲ್ಲಿ, ಆಂಟೆನಾನ ರಿಲೇಯ ಕಾಮನ್ ಕಾಲಿಗೆ ಕೊಡಿ, ಎನ್‌ಓ ಕಾಲು (ಕರೆಂಟ್ ಕೊಟ್ಟಾಗ ಮಾತ್ರ ಕಾಮನ್‌ಗೆ ಸೇರೋದು) ರೇಡಿಯೋ ಕಡೆ ಹೋಗೋ ಕನೆಕ್ಟರಿಗೆ, ಎನ್‌ಸಿ ಕಾಲು (ಕರೆಂಟ್ ಇಲ್ಲದಾಗ ಸೇರಿರೋದು) ಗ್ರೌಂಡಿಗೆ. ಹೀಗಿದ್ರೆ ಕರೆಂಟ್ ಹೋದಾಗ ಎಲ್ಲಾ ಆಂಟೆನಾನೂ ತಾನಾಗೇ ಗ್ರೌಂಡಾಗುತ್ತೆ, ಬಳಸದೇ ಇರೋ ಆಂಟೆನಾ ಎತ್ಕೊಂಡ ಸಿಗ್ನಲ್ ಕೂಡ ನಿಮ್ಮ ರೇಡಿಯೋಗೆ ಅಷ್ಟಾಗಿ ನುಸುಳಲ್ಲ. ಒಳಗಿನ ತಂತಿ ಆದಷ್ಟು ಗಿಡ್ಡ ಇರಲಿ, ಐದಾರು ಸೆಂಟಿಮೀಟರ್ ದಾಟೋದು ಬೇಡ. ಕನೆಕ್ಟರುಗಳನ್ನೆಲ್ಲ ಒಂದೇ ಅಲ್ಯೂಮಿನಿಯಂ ತಗಡಿಗೆ ಬಿಗೀರಿ, ಅದೇ ಗ್ರೌಂಡ್.

2 ಮೀಟರ್ ಆಂಟೆನಾ ಮಾತ್ರ ಈ ಬಾಕ್ಸಿಗೆ ತರಬೇಡಿ, ಅದರ ಕೇಬಲ್ ಈಗಿದ್ದ ಹಾಗೇ ಬೇರೆ ಇರಲಿ. ಕಾರಣ ಏನಂದ್ರೆ, ತೆರೆದ ಕಾಂಟ್ಯಾಕ್ಟ್ ಮಧ್ಯೆ ಹೆಚ್ಚುಕಮ್ಮಿ 1 ಪಿಕೋಫ್ಯಾರಡ್ ಕೆಪ್ಯಾಸಿಟೆನ್ಸ್ ಇರುತ್ತೆ ಅಂತಿಟ್ಕೊಳ್ಳಿ, 7 ಮೆಗಾಹರ್ಟ್ಸ್‌ಗೆ (40 ಮೀಟರ್ ಬ್ಯಾಂಡ್) ಅದು 22 ಸಾವಿರ ಓಮ್‌ಗೂ ಮೇಲೆ, ಗೋಡೆ ಇದ್ದ ಹಾಗೆ, ಅದೇ 145 ಮೆಗಾಹರ್ಟ್ಸ್‌ಗೆ (2 ಮೀಟರ್ ಬ್ಯಾಂಡ್) ಹೋದ್ರೆ ಬರೀ 1,100 ಓಮ್, ಸಿಗ್ನಲ್ ಸೋರೋಕೆ ಶುರುವಾಗುತ್ತೆ.

ಕಂಟ್ರೋಲಿಗೆ ಹಳೇ ಲ್ಯಾನ್ ಕೇಬಲ್ ಸಾಕು. ರಿಲೇ ಕಾಯಿಲ್ ಎಳೆಯೋದು ಸುಮಾರು 33 ಮಿಲಿಆಂಪಿಯರ್, 30 ಮೀಟರ್ ದೂರಕ್ಕೆ ಕಾಲು ವೋಲ್ಟ್ ಕೂಡ ಬೀಳಲ್ಲ. ಪ್ರತಿ ಕಾಯಿಲ್‌ಗೆ ಅಡ್ಡವಾಗಿ ಒಂದು 1ಎನ್4007 ಡಯೋಡ್ (ಪಟ್ಟೆ ಇರೋ ತುದಿ ಪ್ಲಸ್ ಕಡೆ), ಜೊತೆಗೊಂದು 0.01 ಮೈಕ್ರೋಫ್ಯಾರಡ್ ಡಿಸ್ಕ್ ಕೆಪಾಸಿಟರ್. ಲ್ಯಾನ್ ಕೇಬಲ್‌ನ ಎರಡೂ ತುದೀಲಿ ಫೆರೈಟ್ ರಿಂಗಿಗೆ ಏಳೆಂಟು ಸುತ್ತು ಹಾಕಿ, ಇಲ್ಲಾಂದ್ರೆ ಆರ್‌ಎಫ್ (ರೇಡಿಯೋ ಸಿಗ್ನಲ್) ಅದೇ ದಾರೀಲಿ ಮನೆಯೊಳಗೆ ಬರುತ್ತೆ.

ಟ್ರಾನ್ಸ್‌ಮಿಟ್ ಮಾಡ್ತಾ ಇರೋವಾಗ ಯಾವ ಕಾರಣಕ್ಕೂ ರಿಲೇ ಬದಲಾಯಿಸಬೇಡಿ, ಕಿಡಿ ಹಾರಿ ಕಾಂಟ್ಯಾಕ್ಟ್ ಸುಡುತ್ತೆ, ಒಂದೊಂದ್ಸಲ ಅಂಟ್ಕೊಂಡೇ ಬಿಡುತ್ತೆ.

ಇನ್ನು ನಿಮ್ಮ ಕಡೆ ಮಳೆ. ಬಾಕ್ಸ್ ಪ್ಲಾಸ್ಟಿಕ್‌ದಾದ್ರೂ ಪರವಾಗಿಲ್ಲ, ಕನೆಕ್ಟರ್ ಎಲ್ಲಾ ತಳದಲ್ಲಿ ಕೆಳಮುಖವಾಗಿ ಇರಬೇಕು, ತಳದಲ್ಲೇ ನೀರು ಇಳಿಯೋಕೆ ಒಂದು ಸಣ್ಣ ತೂತು, ಆ ತೂತಿಗೆ ಸೊಳ್ಳೆಪರದೆ ತುಂಡು ಅಂಟಿಸಿ. ನನ್ನ ಮೊದಲನೇ ಬಾಕ್ಸಲ್ಲಿ ಪರದೆ ಹಾಕಿರಲಿಲ್ಲ, ಒಂದು ಮಳೆಗಾಲ ಕಳೆದು ಮುಚ್ಚಳ ತೆಗೆದ್ರೆ ಇರುವೆ ಮಣ್ಣು ತಂದು ರಿಲೇ ಸುತ್ತ ಗೂಡು ಕಟ್ಟಿತ್ತು, ಕನೆಕ್ಟರ್ ನಡುವಿನ ಪಿನ್ ಹಸಿರುಗಟ್ಟಿತ್ತು. ಗುಡುಗು ಬರೋ ಹಾಗಿದ್ರೆ ರಿಲೇ ಗ್ರೌಂಡಾಗಿದೆ ಅಂತ ನಂಬ್ಕೊಂಡು ಕೂರಬೇಡಿ, ಸಿಡಿಲಿಗೆ ಕಾಂಟ್ಯಾಕ್ಟ್ ನಡುವಿನ ಆ ಮಿಲಿಮೀಟರ್ ಅಂತರ ಲೆಕ್ಕಕ್ಕೇ ಇಲ್ಲ. ಕೋಆಕ್ಸ್, ಲ್ಯಾನ್ ಎರಡೂ ಬಿಚ್ಚಿ ಕಿಟಕಿ ಆಚೆ ಹಾಕಿ, ಆದ್ರೆ ಗುಡುಗು ಶುರುವಾಗೋ ಮುಂಚೆನೇ.

ವೈಫೈ ಖಂಡಿತ ಆಗುತ್ತೆ, ಆದ್ರೆ ಆಮೇಲೆ. ಮೊದಲು ಕೆಳಗೆ ಒಂದು ರೋಟರಿ ಸ್ವಿಚ್ ಹಾಕಿ, +12 ಎಲ್ಲಾ ರಿಲೇಗೂ ಕಾಮನ್ ಇರಲಿ, ಸ್ವಿಚ್ ಮೈನಸ್ ಕಡೆ ಬರಲಿ. ಹಾಗೆ ಮಾಡಿಟ್ಕೊಂಡ್ರೆ ಮುಂದೆ ಆ ಸ್ವಿಚ್ ಜಾಗದಲ್ಲೇ ಇಎಸ್‌ಪಿ32 ಬೋರ್ಡೂ (ವೈಫೈ ಇರೋ ಪುಟ್ಟ ಕಂಟ್ರೋಲರ್) ಯುಎಲ್‌ಎನ್2003 ಐಸಿನೂ (ರಿಲೇ ನಡೆಸೋ ಚಿಪ್) ಕೂರಿಸಬಹುದು, ಆ ಐಸಿನೂ ಮೈನಸ್ ಕಡೆಯೇ ಎಳೆಯೋದು, ಹಾಗಾಗಿ ತಾರಸಿಗೆ ಹತ್ತಿ ಒಂದು ವೈರನ್ನೂ ಬದಲಾಯಿಸೋ ಕೆಲಸ ಇರಲ್ಲ.